ಅಮೆರಿಕದ ರ‍್ಯಾಪರ್ ಯುರೋಪಿನ ಡ್ಯಾನ್ಸ್ ಸಂಗೀತದಲ್ಲಿ ಗೆದ್ದದ್ದು ಹೇಗೆ?

ಜರ್ಮನಿಯ ಡ್ಯಾನ್ಸ್ ಸಂಗೀತ ತಂಡ ‘ಸ್ನ್ಯಾಪ್!’ನ ರ‍್ಯಾಪರ್ ಟರ್ಬೊ ಬಿ ಅಮೆರಿಕದವರು. ಹಾಗಿದ್ದೂ ಜರ್ಮನಿಯಲ್ಲಿ ಹೆಸರು ಮಾಡಿದ್ದು ಬರೀ ಅದೃಷ್ಟವೇ ಎಂದು ಕೇಳಿದ್ದೀರಿ. ಅದೃಷ್ಟವೊಂದೇ ಅಲ್ಲ. ನನ್ನ ಪ್ರಕಾರ ಮೊದಲ ಕಾರಣ ಸೈನ್ಯ.

ಎರಡನೇ ಮಹಾಯುದ್ಧದ ನಂತರ ಪಶ್ಚಿಮ ಜರ್ಮನಿಯಲ್ಲಿ ಬೀಡುಬಿಟ್ಟ ಅಮೆರಿಕನ್ ಪಡೆ ಶೀತಲ ಸಮರ ಮುಗಿಯುವವರೆಗೂ ಕದಲಲಿಲ್ಲ. ಎಂಬತ್ತರ ದಶಕದಲ್ಲೂ ಅಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸೈನಿಕರಿದ್ದರು. ಫ್ರಾಂಕ್‌ಫರ್ಟ್ ಅವರ ದೊಡ್ಡ ಕೇಂದ್ರ. ಇವತ್ತು ಗಯಟೆ ವಿಶ್ವವಿದ್ಯಾಲಯದ ಪಾಠಗಳು ನಡೆಯುವ ಐ.ಜಿ. ಫಾರ್ಬೆನ್ ಕಟ್ಟಡದಲ್ಲೇ ಆಗ ಅಮೆರಿಕನ್ ಸೈನ್ಯದ ಐದನೇ ಕೋರ್ ಎಂಬ ದೊಡ್ಡ ದಳದ ಮುಖ್ಯ ಕಚೇರಿ ಇತ್ತು. ಸೈನಿಕರಿಗೆಂದು ಎ.ಎಫ್.ಎನ್. ರೇಡಿಯೊ ಹಾಕುತ್ತಿದ್ದ ಸೋಲ್, ಫಂಕ್, ಹಿಪ್‌ಹಾಪ್‌ಗಳಿಗೆ ಜರ್ಮನ್ ಹುಡುಗರೂ ಕಿವಿಗೊಡುತ್ತಿದ್ದರು. ಸಂಜೆ ರಜೆ ಸಿಕ್ಕ ಸೈನಿಕರು ಊರಿನ ಕ್ಲಬ್‌ಗಳಿಗೆ ಬರುತ್ತಿದ್ದರು. ಪಿಟ್ಸ್‌ಬರ್ಗ್‌ನ ಡುರಾನ್ ಬಟ್ಲರ್, ಅಂದರೆ ಟರ್ಬೊ ಬಿ, ಜರ್ಮನಿಗೆ ಬಂದದ್ದು ಇದೇ ಸೈನ್ಯದ ಜೊತೆ.

ಅದೇ ಫ್ರಾಂಕ್‌ಫರ್ಟ್‌ನಲ್ಲಿ ಮೈಕೆಲ್ ಮ್ಯೂನ್ಸಿಂಗ್, ಲೂಕಾ ಆನ್ಸಿಲೋಟ್ಟಿ ಎಂಬ ಇಬ್ಬರು ಸಂಗೀತ ನಿರ್ಮಾಪಕರಿದ್ದರು, ಸ್ನ್ಯಾಪ್! ತಂಡ ಕಟ್ಟಿದವರು. ಯಂತ್ರದ ತಾಳ ಕಟ್ಟುವುದರಲ್ಲಿ ಪಳಗಿದವರು. ‘ದಿ ಪವರ್’ ಹಾಡನ್ನು ಅವರು ಮೊದಲು ಕಟ್ಟಿದ್ದು ನ್ಯೂಯಾರ್ಕ್‌ನ ರೆಕಾರ್ಡುಗಳಿಂದ ಎತ್ತಿಕೊಂಡ ತುಣುಕುಗಳಿಂದ: ಚಿಲ್ ರಾಬ್ ಜಿ ಅವರ ರ‍್ಯಾಪ್, ಜೋಸಲಿನ್ ಬ್ರೌನ್ ಅವರ ಕೂಗು. ಅನುಮತಿಯ ತಕರಾರು ಬಂದಾಗ ರ‍್ಯಾಪನ್ನು ಬೇರೆಯವರಿಂದ ಮಾಡಿಸಬೇಕಾಯಿತು. ಅಟ್ಲಾಂಟಿಕ್ ದಾಟಿ ಹುಡುಕುವ ಅಗತ್ಯವೇ ಬೀಳಲಿಲ್ಲ, ಟರ್ಬೊ ಬಿ ಜರ್ಮನಿಯಲ್ಲೇ ಇದ್ದರು. 1990ರಲ್ಲಿ ಆ ಹಾಡು ಬ್ರಿಟನ್‌ನಲ್ಲಿ ಮೊದಲ ಸ್ಥಾನಕ್ಕೇರಿತು, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೆಯದಕ್ಕೆ. ತವರಿನಲ್ಲಿ ಅವರ ದನಿ ಮನೆಮಾತಾದದ್ದು ಜರ್ಮನ್ ರೆಕಾರ್ಡಿನ ಮೂಲಕ!

ಹಾಗಂತ ಬಾಡಿಗೆ ದನಿ ಎಂದು ಅವರನ್ನು ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ. ಯುರೋಪಿನ ನೃತ್ಯಾಂಗಣದಲ್ಲಿ ಬಹುಪಾಲು ಜನರಿಗೆ ಇಂಗ್ಲಿಷ್ ಎರಡನೇ ಭಾಷೆ. ಅಲ್ಲಿ ಪದಗಳ ಚಮತ್ಕಾರಕ್ಕಿಂತ ಉಚ್ಚಾರದ ಪೆಟ್ಟು, ಉಸಿರಿನ ಲೆಕ್ಕ, ತಾಳಕ್ಕೆ ಸರಿಯಾಗಿ ಬೀಳುವ ಸಾಲು ಮುಖ್ಯ. ಟರ್ಬೊ ಬಿ ಅವರ ಒರಟು, ಸ್ಪಷ್ಟ ಕಂಠ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಅಲ್ಲದೆ ಆ ಕಾಲದಲ್ಲಿ ದನಿ ಒಬ್ಬರದು, ಮುಖ ಇನ್ನೊಬ್ಬರದು. ‘ದಿ ಪವರ್’ ವಿಡಿಯೊದಲ್ಲಿ ಗಾಯಕಿ ಪೆನಿ ಫೋರ್ಡ್ ಹಾಡಿದ್ದಕ್ಕೆ ತುಟಿ ಆಡಿಸಿದವರು ಜಾಕಿ ಹ್ಯಾರಿಸ್. ಬೆಲ್ಜಿಯಂನ ಟೆಕ್ನೊಟ್ರಾನಿಕ್ ತಂಡದಲ್ಲೂ ಇದೇ ಕಥೆ: ಕಿನ್ಶಾಸಾದಲ್ಲಿ ಹುಟ್ಟಿದ ಯಾ ಕಿಡ್ ಕೆ ಅವರ ರ‍್ಯಾಪ್‌ಗೆ ವಿಡಿಯೊದಲ್ಲಿ ಕಂಡದ್ದು ಫೆಲಿ ಎಂಬ ಮಾಡೆಲ್. ಆ ಹೆಣ್ಣುಮಕ್ಕಳಿಗೆ ಆದದ್ದು ದೊಡ್ಡ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ. ಟರ್ಬೊ ಬಿ ತಮ್ಮ ದನಿ, ತಮ್ಮ ಮುಖ ಎರಡನ್ನೂ ಉಳಿಸಿಕೊಂಡರು.

ಇದೇ ದಾರಿಯಲ್ಲಿ ಬಂದವರು ಇನ್ನೂ ಇದ್ದಾರೆ. ನ್ಯೂಜೆರ್ಸಿಯ ನ್ಯೂವಾರ್ಕ್‌ನ ಟೋನಿ ಡಾಸನ್-ಹ್ಯಾರಿಸನ್ ಕೂಡ ಸೈನ್ಯದ ಜೊತೆ ಜರ್ಮನಿಗೆ ಬಂದು, ನೃತ್ಯದಿಂದ ಶುರುಮಾಡಿ, ಕ್ಯಾಪ್ಟನ್ ಹಾಲಿವುಡ್ ಆಗಿ 1992ರಲ್ಲಿ ಗೆದ್ದರು. ಸೈನ್ಯದ ನಂಟಿಲ್ಲದವರಲ್ಲಿ ನನಗೆ ಅಚ್ಚುಮೆಚ್ಚು ಡಾ. ಆಲ್ಬನ್. ನೈಜೀರಿಯಾದಿಂದ ಸ್ವೀಡನ್‌ಗೆ ದಂತವೈದ್ಯಕೀಯ ಓದಲು ಹೋದವರು, ಸ್ಟಾಕ್‌ಹೋಮ್‌ನ ಕ್ಲಬ್‌ನಲ್ಲಿ ಡಿಜೆ ಆಗಿದ್ದರು. ಡೆನಿಜ್ ಪಾಪ್ ಎಂಬ ನಿರ್ಮಾಪಕರ ಜೊತೆಗೂಡಿ ಹಾಡಿದ ‘ಇಟ್ಸ್ ಮೈ ಲೈಫ್’ 1992ರಲ್ಲಿ ಯುರೋಪಿನ ತುಂಬಾ ಮೊಳಗಿತು. ಹೆಸರಿನ ಮುಂದಿನ ‘ಡಾಕ್ಟರ್’ ಸುಮ್ಮನೆ ಬಂದದ್ದಲ್ಲ.

ಆದರೆ ಈ ಗೆಲುವಿಗೆ ಒಂದು ಮಿತಿಯೂ ಇತ್ತು. ತಂಡದ ಹಿಡಿತ ನಿರ್ಮಾಪಕರ ಕೈಯಲ್ಲಿ. ಸ್ನ್ಯಾಪ್! ತಂಡದ ‘ರಿದಮ್ ಈಸ್ ಎ ಡ್ಯಾನ್ಸರ್’ 1992ರಲ್ಲಿ ಬ್ರಿಟನ್‌ನಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು; ಅದನ್ನು ಹೊತ್ತದ್ದು ಥಿಯಾ ಆಸ್ಟಿನ್ ಅವರ ಗಾಯನ ಮತ್ತು ಸಿಂಥಸೈಜರ್. ರ‍್ಯಾಪ್‌ಗೆ ಉಳಿದದ್ದು ಸಣ್ಣ ಜಾಗ. ಟರ್ಬೊ ಬಿ ಆ ಹೊತ್ತಿಗೇ ತಂಡ ಬಿಟ್ಟು ಸ್ವಂತ ದಾರಿ ಹಿಡಿದರು, ಸ್ನ್ಯಾಪ್! ಬೇರೆ ಗಾಯಕರೊಂದಿಗೆ ಮುಂದುವರಿಯಿತು.

ಹಾಗಾಗಿ ಟರ್ಬೊ ಬಿ ಅವರ ಕಸುಬನ್ನು ಅಳೆಯಬೇಕೆಂದರೆ ‘ರಿದಮ್ ಈಸ್ ಎ ಡ್ಯಾನ್ಸರ್’ನಿಂದ ಶುರುಮಾಡಬೇಡಿ. 1990ರ ‘ವರ್ಲ್ಡ್ ಪವರ್’ ಆಲ್ಬಂ ಪೂರ್ತಿ ಕೇಳಿ, ಅಲ್ಲಿ ಹಾಡನ್ನು ನಡೆಸುವವರು ರ‍್ಯಾಪರ್. ‘ಊಪ್ಸ್ ಅಪ್’ನಲ್ಲಿ ಪೆನಿ ಫೋರ್ಡ್ ಜೊತೆ ಅವರು ಮಾತು ಕೊಟ್ಟು ಮಾತು ತೆಗೆದುಕೊಳ್ಳುವುದನ್ನು ಗಮನಿಸಿ.