ಬೆನ್ನಿಗೊಂದು ಚೀಲ, ವಿಯೆಟ್ನಾಂ ದಾರಿ: ನಿಮ್ಮ ಪ್ರಶ್ನೆ, ನನ್ನ ಉತ್ತರ

ವಿಯೆಟ್ನಾಂ ತಿರುಗಾಟದ ನನ್ನ ಲೇಖನ ಕಳೆದ ಸಂಚಿಕೆಯಲ್ಲಿ ಬಂದ ಮೇಲೆ ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಿಂದ, ಘಟ್ಟದ ಮೇಲಿನ ಶಿರಸಿ, ಯಲ್ಲಾಪುರದಿಂದ ಸಾಕಷ್ಟು ಪತ್ರಗಳು ಬಂದಿವೆ. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸುತ್ತಿದ್ದೇನೆ. ನಾನು ಶಿರಸಿ ಹತ್ತಿರದ ತೋಟದ ಮನೆಯವಳು, ಸಸ್ಯಾಹಾರಿ, ಒಬ್ಬಳೇ ಹೋಗಿ ಬಂದವಳು. ಉತ್ತರಗಳನ್ನು ಆ ಲೆಕ್ಕದಲ್ಲೇ ಓದಿಕೊಳ್ಳಿ.

ಮಗಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ಒಬ್ಬಳೇ ವಿಯೆಟ್ನಾಂಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ಹೆಣ್ಣುಮಗಳು, ಗೊತ್ತಿಲ್ಲದ ದೇಶ. ನನಗೆ ರಾತ್ರಿ ನಿದ್ದೆ ಇಲ್ಲ. ಕಳಿಸಬಹುದಾ?
— ಒಬ್ಬ ತಾಯಿ, ಕುಮಟಾ

ಕಳಿಸಿ ಅಮ್ಮಾ. ಸುಮ್ಮನೆ ಧೈರ್ಯಕ್ಕೆಂದು ಹೇಳುತ್ತಿಲ್ಲ. ಹನೋಯ್‌ನ ಹೊಆನ್ ಕಿಯೆಮ್ ಕೆರೆಯ ಸುತ್ತ ವಾರದ ಕೊನೆಯಲ್ಲಿ ವಾಹನ ಬಿಡುವುದಿಲ್ಲ. ರಾತ್ರಿ ಹತ್ತಕ್ಕೂ ಅಲ್ಲಿ ಅಜ್ಜಿಯಂದಿರು, ಮಕ್ಕಳು, ಕಾಲೇಜು ಹುಡುಗಿಯರು ಓಡಾಡುತ್ತಿರುತ್ತಾರೆ. ಅಂಗಡಿ ನಡೆಸುವವರು, ಹೋಟೆಲಿನ ಗಲ್ಲೆಯ ಮೇಲೆ ಕೂತವರು ಹೆಚ್ಚಿನವರು ಹೆಂಗಸರೇ. ಕತ್ತಲಾದ ಮೇಲೆ ಒಬ್ಬಳೇ ನಡೆಯುವಾಗ ನನ್ನನ್ನು ಯಾರೂ ದುರುಗುಟ್ಟಿ ನೋಡಲಿಲ್ಲ.

ಹೆದರಬೇಕಾದ್ದು ಬೇರೆ ಇದೆ, ಅದನ್ನು ಮಗಳಿಗೆ ಹೇಳಿ. ಮೊದಲನೆಯದು ರಸ್ತೆ. ಬೈಕುಗಳ ಪ್ರವಾಹ ನಿಲ್ಲುವುದೇ ಇಲ್ಲ. ದಾಟುವಾಗ ಒಂದೇ ವೇಗದಲ್ಲಿ ನಿಧಾನಕ್ಕೆ ನಡೆಯಬೇಕು, ಅವರೇ ಸುತ್ತು ಹಾಕಿ ಹೋಗುತ್ತಾರೆ. ನಡುವೆ ಗಾಬರಿಯಾಗಿ ಓಡಿದರೆ, ಹಿಂದೆ ಹೆಜ್ಜೆ ಇಟ್ಟರೆ ಅಪಾಯ. ಎರಡನೆಯದು ಹೋ ಚಿ ಮಿನ್ ನಗರದಲ್ಲಿ ಬೈಕಿನಲ್ಲಿ ಬಂದು ಮೊಬೈಲು ಕಸಿಯುವವರು. ರಸ್ತೆಯ ಅಂಚಿನಲ್ಲಿ ನಿಂತು ನಕ್ಷೆ ನೋಡದೆ, ಯಾವುದಾದರೂ ಅಂಗಡಿಯ ಒಳಗೆ ಹೋಗಿ ನೋಡಲಿ.

ಮೊದಲ ಎರಡು ರಾತ್ರಿಯ ಹಾಸಿಗೆಯನ್ನು ಇಲ್ಲಿಂದಲೇ ಕಾದಿರಿಸಿಕೊಳ್ಳಲಿ. ಹಾಸ್ಟೆಲುಗಳಲ್ಲಿ ಹೆಂಗಸರದ್ದೇ ಕೋಣೆ ಇರುತ್ತದೆ, 500ರಿಂದ 800 ರೂಪಾಯಿಗೆ ಸಿಗುತ್ತದೆ. ಬೀಗ ಮನೆಯಿಂದಲೇ ಒಯ್ಯಲಿ. ಸ್ಲೀಪರ್ ಬಸ್ಸುಗಳಲ್ಲಿ ಒಂದು ವಿಷಯ ನೋಡಿಕೊಳ್ಳಬೇಕು: ಕೆಲವು ಬೆಳಗಿನ ಜಾವ ನಾಲ್ಕಕ್ಕೇ ತಲುಪಿಸಿಬಿಡುತ್ತವೆ. ಟಿಕೆಟ್ ತೆಗೆಯುವಾಗ ಇಳಿಯುವ ಹೊತ್ತು ಕೇಳಬೇಕು, ಬೆಳಕು ಹರಿದ ಮೇಲೆ ಮುಟ್ಟುವ ಬಸ್ಸನ್ನೇ ಹಿಡಿಯಬೇಕು. ಪೊಲೀಸರಿಗೆ 113, ಆಂಬುಲೆನ್ಸಿಗೆ 115. ಭಾರತದ ರಾಯಭಾರ ಕಚೇರಿ ಹನೋಯ್‌ನಲ್ಲಿದೆ, ಹೋ ಚಿ ಮಿನ್ ನಗರದಲ್ಲಿ ಕಾನ್ಸುಲೇಟ್ ಇದೆ. ಎರಡರ ನಂಬರನ್ನೂ ನೀವೂ ಬರೆದಿಟ್ಟುಕೊಳ್ಳಿ.

ನಮ್ಮ ಆಯಿಯೂ ನಿಮ್ಮ ಹಾಗೆಯೇ ಇದ್ದಳು. ಬೆಳಿಗ್ಗೆ ಆಸ್ರಿ ಹೊತ್ತಿಗೊಂದು, ರಾತ್ರಿ ಮಲಗುವ ಮುಂಚೆ ಒಂದು ಮೆಸೇಜು ಎಂದು ಮಾತಾಗಿತ್ತು. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ತಾಸು ಮುಂದೆ. ಇದು ಗೊತ್ತಿದ್ದರೆ ಕಾಯುವ ಸಂಕಟ ಅರ್ಧ ಕಡಿಮೆ.

ನಾನು ಮೊಟ್ಟೆಯನ್ನೂ ತಿನ್ನದವನು. ಅವಲಕ್ಕಿ, ಚಟ್ನಿಪುಡಿ ಹೊತ್ತುಕೊಂಡೇ ಹೋಗಬೇಕಾ?
— ವಿದ್ಯಾರ್ಥಿ, ಯಲ್ಲಾಪುರ

ಚಟ್ನಿಪುಡಿಯ ಪೊಟ್ಟಣ ಒಂದಿರಲಿ, ಅವಲಕ್ಕಿ ಬೇಡ. ಅಲ್ಲಿ ಬೌದ್ಧ ಪದ್ಧತಿಯ ಶುದ್ಧ ಸಸ್ಯಾಹಾರಕ್ಕೆ ‘ಚಾಯ್’ ಎನ್ನುತ್ತಾರೆ. ದೇವಾಲಯಗಳ ಆಸುಪಾಸಿನಲ್ಲಿ ಈ ಬೋರ್ಡಿನ ಊಟದ ಮನೆಗಳು ಸಿಗುತ್ತವೆ. ಚಾಂದ್ರಮಾನದ 1 ಮತ್ತು 15ನೇ ದಿನ, ಅಂದರೆ ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ, ಎಷ್ಟೋ ಮನೆಯವರು ಮಾಂಸ ಬಿಡುತ್ತಾರೆ. ಅವತ್ತು ಈ ಹೋಟೆಲುಗಳಲ್ಲಿ ಕೂರಲು ಜಾಗ ಸಿಗುವುದಿಲ್ಲ.

ತೊಂದರೆ ಇರುವುದು ಬೇರೆ ಹೋಟೆಲುಗಳಲ್ಲಿ. ಸೊಪ್ಪಿನ ಪಲ್ಯ, ತೋಫು ಎಂದು ತಂದಿಟ್ಟದ್ದಕ್ಕೂ ನೂಕ್ ಮಾಮ್ ಬಿದ್ದಿರುತ್ತದೆ. ಸಣ್ಣ ಮೀನಿಗೆ ಉಪ್ಪು ಹಾಕಿ, ತಿಂಗಳುಗಟ್ಟಲೆ ಪೀಪಾಯಿಯಲ್ಲಿ ಹುದುಗಿಸಿ ಇಳಿಸಿದ ರಸ ಅದು. ಫೋ ಎಂಬ ಶಾವಿಗೆ ಸಾರಿನ ತಳವೇ ಎಲುಬು ಕುದಿಸಿದ ನೀರು. ಆದ್ದರಿಂದ ‘ಮಾಂಸ, ಮೀನು, ಮೊಟ್ಟೆ, ನೂಕ್ ಮಾಮ್ ಬೇಡ’ ಎಂದು ಹಾಸ್ಟೆಲಿನವರಿಂದ ಅವರ ಭಾಷೆಯಲ್ಲಿ ಬರೆಸಿಕೊಂಡು, ಚೀಟಿ ತೋರಿಸಿ. ಹ್ಯೂ ನಗರಕ್ಕೆ ಹೋದರೆ ಚಾಯ್ ಹೋಟೆಲಿನಲ್ಲಿ ಎಳೆ ಹಲಸಿನಕಾಯಿ ಕೇಳಿ. ಬೇಯಿಸಿ ಸಿಗಿದು, ಕಡಲೆಬೀಜ, ಹಸಿ ಸೊಪ್ಪು ಕಲಸಿ, ಎಳ್ಳು ಹಾಕಿದ ಸುಟ್ಟ ಅಕ್ಕಿ ಹಪ್ಪಳದ ಜತೆ ಕೊಡುತ್ತಾರೆ. ಹಪ್ಪಳ ಮುರಿದು ಅದರಲ್ಲೇ ಎತ್ತಿ ತಿನ್ನುವುದು. ಹಲಸಿನ ಸೀಮೆಯವರಾದ ನಿಮಗೆ ಹೊಟ್ಟೆಗೂ ಮನಸ್ಸಿಗೂ ಹಿಡಿಸುತ್ತದೆ.

ತಂಗಿ, ಅಲ್ಲಿಯೂ ಅಡಿಕೆ, ಕಾಳುಮೆಣಸು ಬೆಳೆಯುತ್ತಾರಂತೆ. ನಮ್ಮ ದರ ಬಿದ್ದಾಗೆಲ್ಲ ವಿಯೆಟ್ನಾಂ ಮೆಣಸಿನ ಸುದ್ದಿ ಕೇಳುತ್ತೇವೆ. ನೀನು ತೋಟ ನೋಡಿದೆಯಾ?
— ಅಡಿಕೆ ಬೆಳೆಗಾರ, ಶಿರಸಿ ತಾಲೂಕು

ಅಣ್ಣಾ, ಇದನ್ನು ಕೇಳಿದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ. ನೋಡಿದೆ, ಅದಕ್ಕಾಗಿಯೇ ದಾರಿ ಬದಲಿಸಿ ಹೋದೆ.

ಮಧ್ಯ ಕರಾವಳಿಯ ಕ್ವಾಂಗ್ ನ್ಗಾಯ್ ಸೀಮೆಯಲ್ಲಿ ಅಡಿಕೆ ಚೆನ್ನಾಗಿದೆ. ನಮ್ಮ ಹಾಗೆ ಕಣಿವೆಗಿಳಿದ ಒತ್ತಿನ ತೋಟ ನನಗೆ ಕಂಡದ್ದು ಕಡಿಮೆ. ಮನೆಯ ಹಿತ್ತಿಲು, ಬೇಲಿಯ ಸಾಲು, ಗುಡ್ಡದ ಬುಡ, ಹೀಗೆ ಬಿಡಿಬಿಡಿಯಾಗಿ ಇರುತ್ತದೆ. ಕೊಯ್ಯುವುದು ಎಳೆ ಕಾಯಿಯನ್ನು. ಕೊನೆ ಇಳಿಸಿ ಕಾಯಿ ಬಿಡಿಸಿ, ಹಂಡೆಯಲ್ಲಿ ಬೇಯಿಸಿ, ಹೊಗೆಗೂಡಿನಲ್ಲಿ ದಿನಗಟ್ಟಲೆ ಒಣಗಿಸುತ್ತಾರೆ. ನಾನು ಬೆರಗಾದದ್ದು ಇಲ್ಲಿ: ಸುಲಿಯುವುದೇ ಇಲ್ಲ! ಸಿಪ್ಪೆ ಸಮೇತ ಬೇಯಿಸಿ, ಸಿಪ್ಪೆ ಸಮೇತ ಒಣಗಿಸುತ್ತಾರೆ. ಹೊರಬರುವಾಗ ಕಾಯಿ ಕಪ್ಪಗೆ, ಸುಕ್ಕು ಸುಕ್ಕಾಗಿ ಖರ್ಜೂರದ ಹಾಗೆ ಕಾಣುತ್ತದೆ. ಮಾಲು ಹೋಗುವುದು ಚೀನಾಕ್ಕೆ. ಅಲ್ಲಿನ ಹುನಾನ್ ಕಡೆಯವರು ಅಗಿಯುವುದು ಆ ಸಿಪ್ಪೆಯನ್ನೇ, ಅದಕ್ಕೆ ಸಿಹಿ, ಪರಿಮಳ ಸೇರಿಸಿ. ನಾವು ಗೊಬ್ಬರಕ್ಕೆ, ಒಲೆಗೆ ಹಾಕುವುದು ಅಲ್ಲಿ ಮಾಲು. ಚೀನಾದ ವ್ಯಾಪಾರಿ ಕೊಂಡರೆ ದರ ಏರುತ್ತದೆ, ಕೈಬಿಟ್ಟರೆ ಕೊನೆ ಮರದಲ್ಲೇ ಹಣ್ಣಾಗುತ್ತದೆ. ನನ್ನನ್ನು ಉಳಿಸಿಕೊಂಡ ಮನೆಯ ಯಜಮಾನ ಈ ದರದ ಕತೆ ಹೇಳುವಾಗ ಫೋನಿನ ಅನುವಾದ ಬೇಕಾಗಲೇ ಇಲ್ಲ. ಬೆರಳಲ್ಲಿ ನೆಲದ ಮೇಲೆ ಗೆರೆ ಏರಿಸಿ ಇಳಿಸಿ ತೋರಿಸಿದ. ನಮ್ಮ ಸೊಸೈಟಿಯ ಕಟ್ಟೆಯ ಮೇಲೆ ಕೂತ ಅಪ್ಪನ ಮುಖವೇ ಎದುರಿಗಿತ್ತು.

ಆ ಮನೆಯ ಅಜ್ಜಿ ಕವಳ ಹಾಕುತ್ತಿದ್ದರು. ಎಲೆಯ ಎರಡೂ ಅಂಚು ಸಣ್ಣ ಚೂರಿಯಲ್ಲಿ ಕತ್ತರಿಸಿ, ಸುಣ್ಣ ಸವರಿ, ಸುರುಳಿ ಸುತ್ತಿ, ತೊಟ್ಟನ್ನು ಒಳಗೆ ಚುಚ್ಚಿದರೆ ರೆಕ್ಕೆ ಬಿಚ್ಚಿದ ಹಕ್ಕಿ. ಹಸಿ ಅಡಿಕೆಯ ಹೋಳನ್ನು ಪಕ್ಕದಲ್ಲಿಟ್ಟು ನನ್ನ ಕೈಗೆ ಕೊಟ್ಟರು. ನಾನು ಇನ್ನೊಂದು ಎಲೆ ತೆಗೆದು, ನಾರು ಬಿಡಿಸಿ, ನಮ್ಮ ಕಡೆಯ ಹಾಗೆ ಮಡಚಿ ಅವರಿಗೆ ಕೊಟ್ಟೆ. ಅಜ್ಜಿ ಪಕ್ಕದ ಮನೆಯವರನ್ನೆಲ್ಲ ಕೂಗಿ ಕರೆದರು. ವಿಯೆಟ್ನಾಂನಲ್ಲಿ ಈಗಲೂ ಗಂಡಿನ ಕಡೆಯವರು ಎಲೆ ಅಡಿಕೆಯ ತಟ್ಟೆ ಹಿಡಿದೇ ಹೆಣ್ಣಿನ ಮನೆಗೆ ಬರಬೇಕು. ಅಣ್ಣ, ತಮ್ಮ, ಅಣ್ಣನ ಹೆಂಡತಿ ಮೂವರೂ ಸತ್ತು ಒಬ್ಬ ಅಡಿಕೆ ಮರ, ಒಬ್ಬ ಸುಣ್ಣದ ಕಲ್ಲು, ಆಕೆ ವೀಳ್ಯದ ಬಳ್ಳಿಯಾದ ಕತೆ ಅಲ್ಲಿ ಮಕ್ಕಳಿಗೂ ಗೊತ್ತು. ಆದರೆ ಆ ಮನೆಯ ಹುಡುಗರು ಯಾರೂ ಕವಳ ಮುಟ್ಟಲಿಲ್ಲ.

ಮೆಣಸು ಇರುವುದು ಒಳನಾಡಿನ ಎತ್ತರದ ಜಿಲ್ಲೆಗಳಲ್ಲಿ. ಪ್ಲೇಕು ಊರಿನಿಂದ ಬಸ್ಸಿನಲ್ಲಿ ಹೋದೆ. ನಾವು ಅಡಿಕೆ ಮರಕ್ಕೆ ಬಳ್ಳಿ ಹಬ್ಬಿಸಿದರೆ ಅವರು ಬಯಲಿನಲ್ಲಿ ಕಂಬ ನೆಟ್ಟು ಬರೀ ಮೆಣಸೇ ಬೆಳೆದರು. ಕೆಲವು ಕಡೆ ಕಾಂಕ್ರೀಟ್ ಕಂಬ, ಕೆಲವು ಕಡೆ ಜೀವಂತ ಮರ. ಹಾಗೆ ಬೆಳೆದೇ ಜಗತ್ತಿಗೆ ಅತಿ ಹೆಚ್ಚು ಮೆಣಸು ಮಾರುವ ದೇಶವಾಯಿತು. ಆದರೆ 2015ರ ನಂತರ ದರ ಕುಸಿಯಿತು, ಸೊರಗು ರೋಗವೂ ಬಂತು. ಸಾಲ ಮಾಡಿ ಕಂಬ ನೆಟ್ಟವರು ಮುಳುಗಿದರು. ಬಳ್ಳಿ ಸತ್ತು ಕಂಬ ಮಾತ್ರ ಉಳಿದ ಎಕರೆಗಟ್ಟಲೆ ಜಾಗ ನೋಡಿದೆ, ಹೊಟ್ಟೆ ಕಲಸಿತು. ಈಗ ಎಷ್ಟೋ ಜನ ಡುರಿಯನ್ ಹಣ್ಣಿಗೆ ತಿರುಗಿದ್ದಾರೆ. ನಮ್ಮ ದರ ಬಿದ್ದಾಗ ಅವರನ್ನು ಬೈಯುವುದು ನನಗೆ ಇನ್ನು ಆಗದ ಮಾತು. ತೋಟದಲ್ಲಿ ಮೂರು ನಾಲ್ಕು ಬೆಳೆ ಕೂಡಿಸಿ ಇಟ್ಟುಕೊಂಡ ನಮ್ಮ ಹಿರಿಯರ ಲೆಕ್ಕಾಚಾರದ ಬೆಲೆ ನನಗೆ ತಿಳಿದದ್ದೂ ಅಲ್ಲೇ.

ಹಾ ಜಾಂಗ್ ಬೆಟ್ಟದ ದಾರಿಯಲ್ಲಿ ಬೈಕ್ ಓಡಿಸಬೇಕು. ದೇವಿಮನೆ ಘಟ್ಟ ನನಗೆ ನೀರು ಕುಡಿದಷ್ಟು ಸಲೀಸು. ಇಲ್ಲಿನ ಅಂತಾರಾಷ್ಟ್ರೀಯ ಲೈಸೆನ್ಸ್ ಸಾಕಾ?
— ಅಂಕೋಲಾದ ಯುವಕ

ಸಾಲದು ತಮ್ಮಾ. ನಮ್ಮ ಆರ್‌ಟಿಒ ಕೊಡುವ ಪರ್ಮಿಟ್ಟು 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದದ್ದು. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ಬಾಡಿಗೆ ಅಂಗಡಿಯವರು ಏನೂ ಕೇಳದೆ ಬೈಕು ಕೊಡುತ್ತಾರೆ, ಅದನ್ನು ನಂಬಬೇಡ. ಬಿದ್ದು ಕಾಲು ಮುರಿದರೆ ಲೈಸೆನ್ಸ್ ಇಲ್ಲವೆಂದು ವಿಮೆಯವರು ಕೈ ಎತ್ತುತ್ತಾರೆ, ಆಸ್ಪತ್ರೆಯ ಬಿಲ್ಲು ಮನೆಯವರ ತಲೆಯ ಮೇಲೆ.

ಅಲ್ಲಿ ಸ್ಥಳೀಯ ಹುಡುಗರು ಹಿಂದೆ ಕೂರಿಸಿಕೊಂಡು ಕರೆದೊಯ್ಯುತ್ತಾರೆ. ನಾನು ಹೋದದ್ದು ಹಾಗೆಯೇ. ಮಾ ಪಿ ಲೆಂಗ್ ಘಟ್ಟದಲ್ಲಿ ಪಕ್ಕದಲ್ಲೇ ಪ್ರಪಾತ, ಕೆಳಗೆ ಹಸಿರು ನೀರಿನ ಹೊಳೆ. ಹಿಂದೆ ಕೂತದ್ದಕ್ಕೇ ಅದನ್ನೆಲ್ಲ ಕಣ್ತುಂಬ ನೋಡಿದೆ.

ಕಡಲ ಮಕ್ಕಳು ನಾವು. ಅಲ್ಲಿನ ಮೀನುಗಾರರ ಬಗ್ಗೆ ಎರಡು ಮಾತು ಬರೆಯಿರಿ.
— ಕಾರವಾರ

ದಾ ನಾಂಗ್‌ನ ಮಿ ಖೆ ದಡಕ್ಕೆ ಸೂರ್ಯ ಹುಟ್ಟುವ ಮುಂಚೆ ಹೋಗಿ. ಹರಗೋಲು ನಮಗೆ ತುಂಗಭದ್ರೆಯಲ್ಲಿ ಗೊತ್ತು, ಅವರು ಅದನ್ನು ಕಡಲಿಗೇ ಇಳಿಸುತ್ತಾರೆ! ಬಿದಿರು ಹೆಣೆದ ಬುಟ್ಟಿಗೆ ನೀರು ಒಸರದ ಹಾಗೆ ಮೆತ್ತಿದ ದುಂಡು ದೋಣಿ. ಒಬ್ಬನೇ ನಿಂತು, ಒಂದೇ ಹುಟ್ಟನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ತೆರೆ ದಾಟಿ ಬರುತ್ತಾನೆ. ದಡದಲ್ಲಿ ಬುಟ್ಟಿ ಹಿಡಿದು ಕಾಯುವ ಹೆಂಗಸರು ಮೀನು ಆರಿಸಿ, ತೂಗಿ, ಅಲ್ಲೇ ಮಾರುತ್ತಾರೆ. ಚೌಕಾಸಿಯ ಗಲಾಟೆ ಕಾರವಾರದ ಮೀನು ಪೇಟೆಯದ್ದೇ. ನೀವು ಮೀನು ತಿನ್ನುವವರಾದ್ದರಿಂದ ದಕ್ಷಿಣದಲ್ಲಿ ಹುಣಸೆ, ಅನಾನಸ್ ಹಾಕಿದ ಹುಳಿ ಸಾರು ಕೇಳಿ, ಕಾನ್ ಚುವಾ ಎನ್ನುತ್ತಾರೆ.

ದೀಪಾವಳಿ ರಜೆಯಲ್ಲಿ ಎರಡು ವಾರ ಸಿಗುತ್ತದೆ. ಉತ್ತರದಿಂದ ದಕ್ಷಿಣದವರೆಗೆ ಪೂರ್ತಿ ನೋಡಬಹುದೇ?
— ಶಿಕ್ಷಕಿ, ಹೊನ್ನಾವರ

ಮೇಡಂ, ಪೂರ್ತಿ ನೋಡಲು ಹೋಗಬೇಡಿ. ಹನೋಯ್‌ನಿಂದ ಹೋ ಚಿ ಮಿನ್ ನಗರಕ್ಕೆ ರೈಲು ಹಳಿಯೇ 1,726 ಕಿಲೋಮೀಟರ್, 30 ತಾಸಿಗೂ ಹೆಚ್ಚಿನ ಪ್ರಯಾಣ. ಎರಡು ವಾರದಲ್ಲಿ ಹತ್ತು ಊರು ಮುಟ್ಟಿದವರನ್ನು ಹಾಸ್ಟೆಲಿನಲ್ಲಿ ಕಂಡಿದ್ದೇನೆ, ಅವರಿಗೆ ನೆನಪಿದ್ದದ್ದು ಬಸ್ಸು ಮಾತ್ರ. ಎರಡು ಅಥವಾ ಮೂರು ಊರು ಆರಿಸಿ, ಅಲ್ಲೇ ಇರಿ. ಮೂರನೇ ದಿನಕ್ಕೆ ಕಾಫಿ ಅಂಗಡಿಯಾಕೆ ನಿಮ್ಮನ್ನು ಕಂಡೊಡನೆ ಲೋಟ ತೊಳೆಯುತ್ತಾಳೆ. ಆಮೇಲೆಯೇ ಊರು ನಿಮ್ಮ ಜತೆ ಮಾತಾಡಲು ಶುರುಮಾಡುವುದು.

ಇನ್ನು ಮಳೆ. ನಮಗೆ ಮಳೆ ಬಿಡುವ ಹೊತ್ತಿಗೆ ಅವರ ಮಧ್ಯ ಕರಾವಳಿಗೆ ಹಿಡಿಯುತ್ತದೆ. ಅಲ್ಲಿಯೂ ಕಡಲಿಗೆ ಸಮನಾಗಿ ನಮ್ಮ ಸಹ್ಯಾದ್ರಿಯಂತೆ ಚುವಾಂಗ್ ಸನ್ ಪರ್ವತಸಾಲು ಇದೆ. ಆದರೆ ಕಡಲು ಇರುವುದು ಪೂರ್ವಕ್ಕೆ. ಹಾಗಾಗಿ ನೈಋತ್ಯ ಮುಂಗಾರು ಆಚೆ ಲಾವೋಸ್ ಕಡೆಯಲ್ಲೇ ಸುರಿದು, ಈಚೆಗೆ ಬಿಸಿ ಒಣಗಾಳಿಯಾಗಿ ಇಳಿಯುತ್ತದೆ. ಅವರಿಗೆ ಮಳೆ ತರುವುದು ಈಶಾನ್ಯದ ಗಾಳಿ ಮತ್ತು ಚಂಡಮಾರುತ. ಅಕ್ಟೋಬರ್, ನವೆಂಬರಿನಲ್ಲಿ ಹೋಯ್ ಆನ್ ಪಟ್ಟಣದ ಹಳೆಯ ಬೀದಿಗಳಿಗೆ ಹೊಳೆ ನೀರು ನುಗ್ಗುವುದುಂಟು. ದೀಪಾವಳಿಗಾದರೆ ಹನೋಯ್ ಮತ್ತು ಉತ್ತರ ಸಾಕು. ಮಧ್ಯಭಾಗಕ್ಕೆ ಫೆಬ್ರುವರಿಯಿಂದ ಏಪ್ರಿಲ್ ಒಳ್ಳೆಯದು.

ಬೇಸಿಗೆ ರಜೆಗೆ ಮುಂದೂಡುವುದಾದರೆ ಏಪ್ರಿಲಿನಲ್ಲೇ ಹೊರಡಿ, ಹ್ಯೂನಿಂದ ದಾ ನಾಂಗ್‌ಗೆ ರೈಲಿನಲ್ಲೇ ಹೋಗಿ. ಎಡಬದಿಯ ಕಿಟಕಿ ಕೇಳಿ. ಹಾಯ್ ವಾನ್ ಘಟ್ಟದಲ್ಲಿ ರೈಲು ಕಡಲ ತಲೆಯ ಮೇಲೆಯೇ ತೆವಳುತ್ತದೆ. ಅಲ್ಲಿಂದ ಮಿ ಸನ್‌ನ ಹಳೆಯ ಗುಡಿಗಳನ್ನು ತಪ್ಪಿಸಬೇಡಿ, ನೀವು ಇತಿಹಾಸ ಪಾಠ ಮಾಡುವವರು ಎಂದು ಬರೆದಿದ್ದೀರಲ್ಲ. ಬನವಾಸಿಯಲ್ಲಿ ಮಯೂರಶರ್ಮ ಕದಂಬ ರಾಜ್ಯ ಕಟ್ಟಿದ 4ನೇ ಶತಮಾನದಲ್ಲೇ ಆ ಸೀಮೆಯ ಹಳೆಯ ರಾಜ್ಯವಾದ ಚಂಪಾದ ರಾಜ ಭದ್ರವರ್ಮ ಅಲ್ಲಿ ಭದ್ರೇಶ್ವರನೆಂಬ ಶಿವನನ್ನು ಸ್ಥಾಪಿಸಿದ. ಸಂಸ್ಕೃತ ಶಾಸನಗಳಿವೆ. ಇಟ್ಟಿಗೆಗಳ ನಡುವೆ ಗಾರೆ ಕಾಣುವುದಿಲ್ಲ, ಉಗುರು ಕೂಡ ತೂರದಷ್ಟು ಬಿಗಿ. 1969ರ ಬಾಂಬು ದಾಳಿಯಲ್ಲಿ ದೊಡ್ಡ ಗುಡಿ ಬಿದ್ದುಹೋಯಿತು, ಅದರ ಮಣ್ಣಿನ ದಿಬ್ಬದ ಎದುರು ನಿಂತಾಗ ಕಣ್ಣು ಒದ್ದೆಯಾಯಿತು. ಉಳಿದ ಕೆಲವು ಗುಡಿಗಳನ್ನು ನಮ್ಮ ಭಾರತೀಯ ಪುರಾತತ್ತ್ವ ಇಲಾಖೆಯವರೇ ಹೋಗಿ ಸರಿಪಡಿಸಿದ್ದಾರೆ. 2020ರಲ್ಲಿ ಆ ಕೆಲಸದ ನಡುವೆ ಅವರಿಗೆ ಒಂದೇ ಕಲ್ಲಿನ ಶಿವಲಿಂಗ ಸಿಕ್ಕಿತು.

ವೀಸಾ, ದುಡ್ಡಿನ ವಿಷಯ?
— ಭಟ್ಕಳ, ಸಿದ್ದಾಪುರ ಮತ್ತು ಹಲವರು

ಇ-ವೀಸಾ ಸಾಕು. 2023ರ ಆಗಸ್ಟಿನಿಂದ 90 ದಿನದವರೆಗೆ ಕೊಡುತ್ತಾರೆ, ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಸರ್ಕಾರಿ ತಾಣದ ಹಾಗೆಯೇ ಕಾಣುವ ಏಜೆಂಟರ ತಾಣಗಳು ಬಹಳ ಇವೆ, ಒಂದು ಸಲದ ಪ್ರವೇಶಕ್ಕೆ ಶುಲ್ಕ 25ಕ್ಕಿಂತ ಹೆಚ್ಚು ತೋರಿಸಿದರೆ ಅಲ್ಲಿಂದ ಹೊರಗೆ ಬನ್ನಿ. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಅಕ್ಷರಕ್ಕಕ್ಷರ ಇರಲಿ. ನಮ್ಮ ಒಂದು ರೂಪಾಯಿಗೆ ಹತ್ತಿರ ಹತ್ತಿರ 300 ಡಾಂಗ್. 20 ಸಾವಿರದ ನೋಟೂ 5 ಲಕ್ಷದ ನೋಟೂ ಎರಡೂ ನೀಲಿ ಬಣ್ಣದವು, ಬೇರೆ ಬೇರೆ ಜೇಬಿನಲ್ಲಿ ಇಡಿ. 2025ರ ಜುಲೈ 1ರಿಂದ ಅಲ್ಲಿನ 63 ಪ್ರಾಂತಗಳನ್ನು 34ಕ್ಕೆ ಇಳಿಸಿದ್ದಾರೆ. ಹೋಯ್ ಆನ್, ಮಿ ಸನ್ ಈಗ ದಾ ನಾಂಗ್‌ಗೆ ಸೇರಿವೆ, ಹಾ ಜಾಂಗ್ ತುಯೆನ್ ಕ್ವಾಂಗ್‌ಗೆ ಸೇರಿದೆ. ಹಳೆಯ ಪುಸ್ತಕದ ವಿಳಾಸ ಹಿಡಿದು ಟಿಕೆಟ್ ಕಾದಿರಿಸುವವರು ಇದನ್ನು ಗಮನಿಸಿ.