ಮೀಟರಿನಲ್ಲಿ 50 ಲೀಟರ್, ಟ್ಯಾಂಕಿನಲ್ಲಿ ಸೊನ್ನೆ

ಅಮೆರಿಕದಲ್ಲಿ ಬೆಳೆಗೆ ಔಷಧಿ ಹೊಡೆಯುವ ವಿಮಾನಗಳು ಇಂಧನ ಮುಗಿದು ಹೊಲಕ್ಕೆ ಬೀಳುವ ಬಗ್ಗೆ ಓದುಗರೊಬ್ಬರು ಕೇಳಿದ್ದಾರೆ: ‘ಎಷ್ಟು ಉಳಿದಿದೆ ಎಂದು ತೋರಿಸುವ ಮೀಟರ್ ಕಣ್ಣೆದುರೇ ಇರುವಾಗ ಖಾಲಿಯಾಗುವುದು ಹೇಗೆ? ಟ್ಯಾಂಕ್ ತುಂಬಿಸಿಕೊಂಡೇ ಹೊರಡಬಾರದೇ?’

ಎರಡನೆಯದಕ್ಕೆ ಮೊದಲು ಉತ್ತರ. ಏರ್ ಟ್ರ್ಯಾಕ್ಟರ್ 502ಬಿ ಎಂಬ ಸಿಂಪಡಣೆ ವಿಮಾನದ ಹಾಪರ್ (ಔಷಧಿಯ ತೊಟ್ಟಿ) ಸುಮಾರು 1,900 ಲೀಟರ್ ದ್ರಾವಣ ಹಿಡಿಯುತ್ತದೆ, ರೆಕ್ಕೆಯ ಟ್ಯಾಂಕುಗಳು ಸುಮಾರು 640 ಲೀಟರ್ ಇಂಧನ. ಎರಡನ್ನೂ ತುಂಬಿಕೊಂಡು ಸುಡುಬಿಸಿಲಲ್ಲಿ ಗಿಡ್ಡ ರನ್‌ವೇಯಿಂದ ಏಳುವುದು ಸುಲಭವಲ್ಲ. ನೂರು ಲೀಟರ್ ಜೆಟ್ ಇಂಧನ ಎಂದರೆ 80 ಕೆ.ಜಿ. ಸಂಪಾದನೆ ಎಕರೆ ಲೆಕ್ಕದ್ದು. ಹಾಗಾಗಿ ಔಷಧಿಗೇ ಜಾಗ, ಇಂಧನ ಆಗಾಗ ಸ್ವಲ್ಪ ಸ್ವಲ್ಪ. ಇದು ಕಸುಬಿನ ರೀತಿ, ತಪ್ಪೆನ್ನಲಾಗದು.

ಇನ್ನು ಮೀಟರಿನ ವಿಷಯ. ನೀವು ಹೇಳುತ್ತಿರುವುದು ಟೋಟಲೈಸರ್ ಆದರೆ, ಅದಕ್ಕೂ ಟ್ಯಾಂಕಿಗೂ ಸಂಬಂಧವೇ ಇಲ್ಲ. ಎಂಜಿನ್ನಿಗೆ ಹರಿದದ್ದನ್ನು ಅಳೆದು, ಪೈಲಟ್ ಒತ್ತಿದ ಅಂಕಿಯಿಂದ ಕಳೆಯುತ್ತದೆ, ಅಷ್ಟೆ. ಟ್ಯಾಂಕಿನಲ್ಲಿ 150 ಲೀಟರ್ ಇದ್ದಾಗ 200 ಎಂದು ಒತ್ತಿದರೆ, ಎಂಜಿನ್ ನಿಲ್ಲುವ ಹೊತ್ತಿಗೂ ಪರದೆಯಲ್ಲಿ 50 ಇರುತ್ತದೆ. ಗಂಟೆಗೆ 200 ಲೀಟರ್ ಕುಡಿಯುವ ಎಂಜಿನ್ನಿಗೆ ಅದು 15 ನಿಮಿಷದ ಸುಳ್ಳು. ಎಂಜಿನ್ ಓಡುತ್ತಿರುವಂತೆಯೇ ಅವಸರದಲ್ಲಿ ತುಂಬಿಸುವಾಗ ಇಂಥ ತಪ್ಪು ನುಸುಳುತ್ತದೆ.

ಟ್ಯಾಂಕಿಗೇ ಜೋಡಿಸಿದ ಗೇಜ್ ಬೇರೆ. ಆದರೆ ಅಗಲವಾದ, ಆಳವಿಲ್ಲದ ಟ್ಯಾಂಕಿನಲ್ಲಿ ತಳದ ಇಂಧನ ಅತ್ತಿತ್ತ ಹೊಯ್ದಾಡುತ್ತಿದ್ದರೆ ಮುಳ್ಳನ್ನು ನಂಬುವಂತಿಲ್ಲ. ಸಾಲಿನ ಕೊನೆಯ ತಿರುವಿನಲ್ಲಿ ಇನ್ನೊಂದು ಅಪಾಯವಿದೆ. ವಿಮಾನ ಸರಿಯಾಗಿ ವಾಲಿ ತಿರುಗಿದರೆ ಇಂಧನ ತಳದಲ್ಲೇ ಕೂರುತ್ತದೆ. ರಡ್ಡರ್ (ಬಾಲದ ಚುಕ್ಕಾಣಿ) ಹೆಚ್ಚು ಒತ್ತಿ ಪಕ್ಕಕ್ಕೆ ಜಾರಿಸಿದರೆ ಒಂದು ರೆಕ್ಕೆಯದು ತುದಿಯತ್ತ ಸರಿದು, ಬುಡದ ಹೊರದಾರಿ ಬರಿದಾಗಿ ಗಾಳಿ ಒಳಸೇರಬಹುದು. ಆಗ ಇಂಧನವಿದ್ದೂ ಎಂಜಿನ್ನಿಗೆ ಉಪವಾಸ. ಅಪಘಾತ ತನಿಖೆಯಲ್ಲಿ ಇದನ್ನು, ಪೂರ್ತಿ ಖಾಲಿಯಾಗುವುದನ್ನು ಬೇರೆ ಬೇರೆಯಾಗಿಯೇ ದಾಖಲಿಸುತ್ತಾರೆ.

ಸಿಂಪಡಣೆ ನಡೆಯುವುದು ಬೆಳೆಯ ಮೇಲೆ ಮೂರು ಮೀಟರ್ ಎತ್ತರದಲ್ಲಿ. ಅಲ್ಲಿ ಎಂಜಿನ್ ನಿಂತರೆ ಮತ್ತೆ ಚಾಲೂ ಮಾಡಲು ಸಮಯವೆಲ್ಲಿ? ಸನ್ನೆಕೋಲು ಎಳೆದು ಹಾಪರ್ ಬರಿದುಮಾಡಿ, ವೇಗ ಬಿಡದೆ ನೇರ ಮುಂದಕ್ಕೇ ಇಳಿಸಬೇಕು.

ಅಮೆರಿಕದ ಸಾಮಾನ್ಯ ನಿಯಮ ಹಗಲಿನ ಹಾರಾಟಕ್ಕೆ 30 ನಿಮಿಷದ ಮೀಸಲು ಕೇಳುತ್ತದೆ; ಈ ಎಂಜಿನ್ನಿಗೆ ಅದು 100 ಲೀಟರ್. ದಿನದ ಮೊದಲ ಹಾರಾಟಕ್ಕೆ ಮುನ್ನ ಸಮತಟ್ಟು ನೆಲದಲ್ಲಿ, ಅದೇ ವಿಮಾನಕ್ಕೆಂದು ಗುರುತು ಹಾಕಿದ ಅಳತೆ ಕಡ್ಡಿ ಇಳಿಸಿ ನೋಡಬೇಕು. ನಂತರ ಪ್ರತಿ ಸಲ ತುಂಬಿಸಿದ ಲೀಟರನ್ನು ಪಂಪ್ ಮೀಟರಿನಿಂದ ಬರೆದುಕೊಂಡು, ಇಳಿಯುವ ಹೊತ್ತನ್ನು ಗಡಿಯಾರದ ಪ್ರಕಾರ ಮೊದಲೇ ಗೊತ್ತುಮಾಡಬೇಕು. ಆ ಹೊತ್ತಾದಾಗ ಎರಡೇ ಸಾಲು ಬಾಕಿ ಇದ್ದರೂ ಸರಿ, ಇಳಿಯಬೇಕು.