ಡಿಗ್ರಿಯಲ್ಲೇ ಸಂಶೋಧನೆ ಮಾಡಬಹುದಾ?

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಬಿಎ ಎರಡನೇ ವರ್ಷ ಓದುತ್ತಿದ್ದೇನೆ, ಸೈಕಾಲಜಿ ತಗೊಂಡಿದ್ದೇನೆ. ನಮ್ಮ ಕಾಲೇಜಿನವರಲ್ಲಿ ಡಿಪ್ರೆಶನ್ ಎಷ್ಟಿದೆ ಅಂತ ಸಂಶೋಧನೆ ಮಾಡುವ ಆಸೆ. ಮೇಡಂಗೆ ಹೇಳಿದರೆ "ಮೊದಲು ಡಿಗ್ರಿ ಮುಗಿಸಮ್ಮ" ಅಂದರು. ಬೆಂಗಳೂರಿಗೇ ಹೋಗಬೇಕಾ? ದುಡ್ಡು ಕಟ್ಟಿದರೆ ಆನ್‌ಲೈನ್ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಕೊಡುತ್ತಾರಂತೆ, ಸೇರಲಾ?
— ಓದುಗಿ, ಚಿತ್ರದುರ್ಗ

ಉತ್ತರ: ದುಡ್ಡು ಕಟ್ಟಿ ಸರ್ಟಿಫಿಕೇಟ್ ತರುವುದು ಬೇಡವೇ ಬೇಡ. ಮುಂದೆ ಎಂಎಸ್‌ಸಿ ಸಂದರ್ಶನದಲ್ಲಿ "ನೀನೇನು ಮಾಡಿದೆ?" ಅಂತ ಕೇಳಿದಾಗ ಆ ಕಾಗದ ಬಾಯಿ ಬಿಡುವುದಿಲ್ಲ.

ಮೇಡಂ ಮೇಲೆ ಬೇಸರ ಮಾಡ್ಕೋಬೇಡಿ. ಪಾಠ, ಪೇಪರ್ ತಿದ್ದೋದು, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನವರಿಗೆ ಫೈಲು ಅಂತ ಅವರಿಗೂ ಪುರುಸೊತ್ತಿರಲ್ಲ. ಜೊತೆಗೆ ನೀವು ಹಿಡಿದಿರುವ ವಿಷಯವೂ ಸುಲಭದ್ದಲ್ಲ. ಡಿಪ್ರೆಶನ್‌ಗೆ ಎಲ್ಲರೂ ಬಳಸುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನೇ ನೋಡಿ. ಅದರ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆ ಬರುತ್ತದಾ ಅಂತ ಕೇಳುತ್ತದೆ. ಪಕ್ಕದ ಬೆಂಚಿನವಳೇ "ಹೆಚ್ಚುಕಡಿಮೆ ದಿನಾ" ಅಂತ ಗುರುತು ಹಾಕಿದರೆ ಏನು ಮಾಡುತ್ತೀರಿ? ಹೆಸರು ಬರೆಸಿಕೊಂಡಿರದಿದ್ದರೆ ಅವಳನ್ನು ಹುಡುಕುವುದು ಹೇಗೆ, ಬರೆಸಿಕೊಂಡಿದ್ದರೆ ಗುಟ್ಟು ಕಾಪಾಡುವುದು ಹೇಗೆ? ಇಂಥದ್ದಕ್ಕೆ, ಸಂಶೋಧನೆಯಿಂದ ಯಾರಿಗೂ ತೊಂದರೆಯಾಗದಂತೆ ನೋಡಿಕೊಳ್ಳುವ ಎಥಿಕ್ಸ್ ಸಮಿತಿಯ ಒಪ್ಪಿಗೆ ಬೇಕು, ಕೌನ್ಸೆಲರ್ ಜೊತೆಗಿರಬೇಕು. ಹದಿನೆಂಟು ತುಂಬದವರಾದರೆ ಮನೆಯವರ ಒಪ್ಪಿಗೆಯೂ ಬೇಕು. (ಯಾರಿಗಾದರೂ ಈಗಲೇ ಸಹಾಯ ಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಫ್ರೀ.)

ಸಣ್ಣದು ಹಿಡಿಯಿರಿ. 1935ರ ಸ್ಟ್ರೂಪ್ ಪ್ರಯೋಗ ಗೊತ್ತಲ್ವಾ? "ಕೆಂಪು" ಅನ್ನುವ ಪದವನ್ನು ಹಸಿರು ಬಣ್ಣದಲ್ಲಿ ಪ್ರಿಂಟ್ ಮಾಡಿ, ಬಣ್ಣ ಯಾವುದು ಹೇಳು ಅಂದರೆ ನಾಲಿಗೆ ತಡವರಿಸುತ್ತದೆ. ಕನ್ನಡದಲ್ಲೊಂದು ಹಾಳೆ, ಇಂಗ್ಲಿಷಿನಲ್ಲೊಂದು ಹಾಳೆ ಮಾಡಿ. ಕನ್ನಡ ಮೀಡಿಯಂನವರು ಯಾವುದರಲ್ಲಿ ಜಾಸ್ತಿ ತಡವರಿಸುತ್ತಾರೆ, ಇಂಗ್ಲಿಷ್ ಮೀಡಿಯಂನವರು ಯಾವುದರಲ್ಲಿ? ಮೊಬೈಲಿನ ಸ್ಟಾಪ್‌ವಾಚ್ ಸಾಕು, ಲೆಕ್ಕಾಚಾರಕ್ಕೆ ಜಾಮೋವಿ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅರ್ಧ ಜನಕ್ಕೆ ಕನ್ನಡದ ಹಾಳೆ ಮೊದಲು ಕೊಡಬೇಕು, ಉಳಿದರ್ಧಕ್ಕೆ ಇಂಗ್ಲಿಷಿನದು, ಇಲ್ಲದಿದ್ದರೆ ಎರಡನೇ ಸಲ ರೂಢಿಯಾಗಿಯೇ ಬೇಗ ಹೇಳಿಬಿಡುತ್ತಾರೆ. ಇಂಥ ಸೂಕ್ಷ್ಮ ಹಿಡಿಯುವುದಕ್ಕೇ ಮೇಡಂ ಬೇಕಾಗಿರುವುದು. ಅವರ ಒಪ್ಪಿಗೆಯಿಲ್ಲದೆ ಇದನ್ನೂ ಶುರು ಮಾಡಬೇಡಿ.

ಬೆಂಗಳೂರೇ ಆಗಬೇಕೆಂದಿಲ್ಲ. ಹಳೇ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಅನ್ನುವ ವೆಬ್‌ಸೈಟಿನಲ್ಲಿ ಕೂತಲ್ಲೇ ಓದಲು ಸಿಗುತ್ತವೆ. ಇದ್ದಲ್ಲೇ ದೊಡ್ಡ ಕೆಲಸ ಮಾಡಬಹುದು ಅನ್ನುವುದಕ್ಕೆ ಮೈಸೂರೇ ಸಾಕ್ಷಿ: 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸೈಕಾಲಜಿ ವಿಭಾಗ ಕಟ್ಟಿದ ಎಂ.ವಿ. ಗೋಪಾಲಸ್ವಾಮಿ, 1935ರಲ್ಲಿ ರೇಡಿಯೋ ಕೇಂದ್ರ ಶುರು ಮಾಡಿದ್ದು ತಮ್ಮ ಮನೆಯಲ್ಲೇ. ಅದಕ್ಕಿಟ್ಟ ಹೆಸರೇ ಆಕಾಶವಾಣಿ!

ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಮತ್ತೆ ಹೋಗಿ. ಪ್ರಶ್ನೆ ಏನು, ಯಾರನ್ನು ಕೇಳುತ್ತೀರಿ, ಎಷ್ಟು ವಾರ ಹಿಡಿಯುತ್ತದೆ ಅನ್ನುವುದನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿ, ವಾರಕ್ಕೆ ಅರ್ಧ ಗಂಟೆ ಮಾತ್ರ ಕೇಳಿ. ಆಗಲೂ ಆಗಲ್ಲ ಅಂದರೆ ದಾವಣಗೆರೆ ಕಡೆ ಕಾಲೇಜುಗಳಲ್ಲಿ ಸೈಕಾಲಜಿ ಪಾಠ ಮಾಡುವವರಿಗೆ ಅದೇ ಹಾಳೆಯನ್ನು ಮೇಲ್ ಮಾಡಿ, ಆದರೆ ಮೇಡಂಗೆ ಒಂದು ಮಾತು ಹೇಳಿಯೇ ಕಳಿಸಿ.